ಪುಟಿಯದ ಕಬ್ಬಿಣ

ಗುಂಡು ಬಿತ್ತು, ಅಷ್ಟೆ. ಪುಟಿಯಲಿಲ್ಲ. ಅಂಬರೀಶ್ ಅದನ್ನು ಹೆಕ್ಕಿ, ಅಂಗಿಗೆ ಒರೆಸಿ, ಮೊಳದೆತ್ತರದಿಂದ ಮತ್ತೊಮ್ಮೆ ಬಿಟ್ಟ. ಈ ಸಲವೂ ಅದು ಕಬ್ಬಿಣದ ದಿಮ್ಮಿಯ ಮೇಲೆ ಟಪ್ಪೆಂದು ಬಿದ್ದು, ಪಕ್ಕಕ್ಕೆ ಉರುಳಿ, ಹಳೆಯ ಫ್ಯಾನಿನ ರೆಕ್ಕೆಗಳ ಸಂದಿಗೆ ಹೋಗಿ ಸೇರಿತು. ಹೊಸಕೋಟೆಯ ಗುಜರಿ ಅಂಗಡಿಯ ಹೈದರ್ ಕುರ್ಚಿಯಲ್ಲಿ ಕೂತು ಟೀ ಹೀರುತ್ತ ಈ ಆಟ ನೋಡುತ್ತಿದ್ದ.

"ಗುರು, ನಿಮ್ ಗುಂಡು ಎಗರಲಿಲ್ಲ ಅಂದ್ರೆ ನಮ್ ಕಬ್ಬಿಣಕ್ಕೆ ಮರ್ಯಾದೆನೇ ಇಲ್ವಾ?"

ಇಲ್ಲ ಎಂದು ಹೇಳುವುದಕ್ಕೆ ಅಂಬರೀಶನಿಗೆ ದಾಕ್ಷಿಣ್ಯ. ಆ ಗುಂಡು ಲಾರಿಯ ಬೇರಿಂಗಿನೊಳಗಿಂದ ಬಿಚ್ಚಿಕೊಂಡದ್ದು. ಕಮ್ಮಾರರು ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲು ಒಳ್ಳೆಯ ಉಕ್ಕಿನದಾದರೆ ಗುಂಡನ್ನು ಬಂದಷ್ಟೇ ಎತ್ತರಕ್ಕೆ ವಾಪಸು ಎಸೆಯುತ್ತದೆ, ಮೆತ್ತಗಿದ್ದರೆ ನುಂಗಿ ಸುಮ್ಮನಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಅಂದಿನಿಂದ ಗುಂಡು ಅವನ ಪ್ಯಾಂಟಿನ ಜೇಬಿನಲ್ಲೇ ವಾಸ. ಕೆಲಸ ಮಾಡುವ ಗೋದಾಮಿನ ತೂಕದ ಕಲ್ಲು, ಮೋರಿಯ ಮುಚ್ಚಳ, ಕೆಟ್ಟು ನಿಂತ ಜೆಸಿಬಿಯ ಬಕೆಟ್ಟು, ಯಾವುದನ್ನೂ ಅವನು ಬಿಟ್ಟಿರಲಿಲ್ಲ. ಒಂದು ದಿನ ಅತ್ತೆ ಮನೆಯ ಒರಳಿನ ಮೇಲೂ ಬಿಟ್ಟು ನೋಡಿ ಹೆಂಡತಿ ಮಮತಳಿಂದ ಬೈಸಿಕೊಂಡಿದ್ದ.

ಇಷ್ಟೆಲ್ಲ ಪಾಡು ಯಾಕೆಂದರೆ ಅವನ ತಾಯಿ ದ್ಯಾವಮ್ಮನಿಗೊಂದು ಚಾಕು ಬೇಕಿತ್ತು. ದ್ಯಾವಮ್ಮ ಅನುಗೊಂಡನಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವಳು. ಬಲಗಾಲಲ್ಲಿ ಈಳಿಗೆಮಣೆಯನ್ನು ಅದುಮಿ ಕೂತಳೆಂದರೆ ಮೂಟೆ ಈರುಳ್ಳಿ ಕಣ್ಣೆದುರಿಗೇ ಕರಗುತ್ತಿತ್ತು. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿತ್ತು, ಬಲಗಾಲೂ ಎಳೆದುಕೊಂಡಿತು. ನೆಲಕ್ಕೆ ಕೂತರೆ ಏಳುವುದಕ್ಕಾಗದು, ಮಣೆಯನ್ನು ಅದುಮುವ ಕಾಲೇ ಇಲ್ಲ. ಮಮತ ಈಳಿಗೆಯನ್ನು ಅಟ್ಟಕ್ಕೆ ಹಾಕಿದಳು. ಮುದುಕಿಯ ಎಡಗೈಗೆ ಚಾಕು ಕೊಟ್ಟರೆ ತರಕಾರಿ ಹಿಡಿದುಕೊಳ್ಳುವವರು ಯಾರು? ಈರುಳ್ಳಿ ಒಂದು ಕಡೆ, ಚಾಕು ಒಂದು ಕಡೆ. ಎರಡು ಸಲ ಹಾಗಾದ ಮೇಲೆ ದ್ಯಾವಮ್ಮ ಚಾಕನ್ನು ಮೂಲೆಗೆಸೆದು ಅತ್ತಳು. ಆಮೇಲೆ ಅವಳಿಗೆ ಅನ್ನವೇ ಸೇರದಾಯಿತು. "ಹೆಚ್ಚೋಕಾಗ್ದಿರೋ ಕೈಗೆ ಉಣ್ಣೋಕೇನು ಬಂತು" ಎಂದು ಅರ್ಧಕ್ಕೇ ತಟ್ಟೆ ತಳ್ಳುತ್ತಿದ್ದಳು.

ಅರ್ಧಚಂದ್ರದ ಹಾಗಿದ್ದು ಹಿಡಿ ಮೇಲಿರುವ ಒಂದು ಚಾಕು ಉಂಟು. ಒಂದೇ ಕೈಯಲ್ಲಿ ಒತ್ತಿ ತೂಗಿದರೆ ಸಾಕು, ಹೆಚ್ಚುತ್ತದೆ. ಅದನ್ನು ತರಿಸಿ ಎಂದಳು ಮಮತ. ಅಂಬರೀಶ್ ತರಿಸಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಮೊಬೈಲಿನಲ್ಲಿ ನೋಡಿ ನೋಡಿ ಅವನಿಗೆ ಚಾಕು ಬಡಿಯುವ ಹುಚ್ಚು ಹತ್ತಿಬಿಟ್ಟಿತ್ತು. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆಗಳ ಮೇಲಿನ ಚೀಟಿಗೆ ಸ್ಕ್ಯಾನರಿನ ಬೆಳಕು ಬಿಡುವ ಕೆಲಸ. ಸಂಜೆ ಮನೆಗೆ ಬಂದರೆ ಈ ಕೈಯಿಂದ ಏನು ಮಾಡಿದೆ ಎಂದು ತೋರಿಸುವುದಕ್ಕೆ ಒಂದೂ ಇಲ್ಲ. ಅಮ್ಮನ ಚಾಕನ್ನು ನಾನೇ ಬಡಿಯುತ್ತೇನೆ, ಅವಳ ಮುಷ್ಟಿಯ ಅಳತೆಗೇ ಮಾಡುತ್ತೇನೆ ಎಂದು ಹಟ ಹಿಡಿದ. ಲಾರಿಯ ಬ್ರೇಕ್ ಡ್ರಮ್ಮು ಕುಲುಮೆಯಾಯಿತು, ಮಮತ ಕೂದಲು ಒಣಗಿಸುವ ಡ್ರೈಯರು ತಿದಿಯಾಯಿತು, ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿ ಚಾಕಿಗೆ ಬಂತು. ಅಡಿಗಲ್ಲು ಮಾತ್ರ ಬರಲಿಲ್ಲ.

ಬರಲಿಲ್ಲ ಎಂದರೆ ತಪ್ಪು. ಒಂದು ಬಂದಿತ್ತು. ಅಸಲಿ ಉಕ್ಕಿನದಕ್ಕೆ ಸಂಬಳವೆಲ್ಲ ಸುರಿಯಬೇಕಾಗಿದ್ದರಿಂದ ಅಗ್ಗದ್ದೊಂದನ್ನು ಮೊಬೈಲಿನಲ್ಲೇ ತರಿಸಿದ್ದ. ನೀಲಿ ಬಣ್ಣ ಬಳಿದುಕೊಂಡು, ಕೊಂಬು ಚಾಚಿಕೊಂಡು, ನೋಡುವುದಕ್ಕೆ ಮದುಮಗನ ಹಾಗಿತ್ತು. ಮೊದಲ ಏಟಿಗೆ ನೆತ್ತಿಯ ಮೇಲೆ ತಗ್ಗು ಬಿತ್ತು. ಎರಡನೆಯ ಏಟಿಗೆ ಕೊಂಬು ಮುರಿದು ಕಾಲ ಬಳಿ ಬಿತ್ತು. ಉಕ್ಕೆಂದು ಮಾರಿದ್ದು ಬರೀ ಬೀಡು, ಅಚ್ಚಿಗೆ ಹೊಯ್ದ ಕಬ್ಬಿಣ. ವಾಪಸು ಕಳಿಸುತ್ತೇನೆಂದರೆ ಬಳಸಿದ್ದನ್ನು ತಗೊಳ್ಳೋಲ್ಲ ಎಂಬ ಉತ್ತರ ಬಂತು. ಬಳಸದೆ ತಿಳಿಯುವುದು ಹೇಗೆ ಮಾರಾಯ್ತಿ ಎಂದು ಫೋನಿನ ಹುಡುಗಿಯನ್ನು ಕೇಳಿದ, ಅವಳು ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ಅಂದಿನಿಂದ ಆ ಬೀಡಿನ ಗಟ್ಟಿ ಬಚ್ಚಲ ಗೋಡೆಗೆ ಒರಗಿ ಕೂತಿತ್ತು. ಮಮತ ಅದರ ಮೇಲೆ ನೆಲ ಒರೆಸುವ ಬಟ್ಟೆ ಹರವುತ್ತಿದ್ದಳು.

"ಅದರ ಮೇಲೇ ಬಡೀಬಾರ್ದೇನೋ? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಿದ್ದಳು ದ್ಯಾವಮ್ಮ, ಜಗಲಿಯ ಕುರ್ಚಿಯಿಂದ. ಅಂಬರೀಶನಿಗೆ ಮೈಯೆಲ್ಲ ಉರಿದುಹೋಯಿತು. ಮೆತ್ತಗಿನ ಗಟ್ಟಿಯ ಮೇಲೆ ಬಡಿದರೆ ಏಟಿನ ಶಕ್ತಿಯೆಲ್ಲ ಗಟ್ಟಿಗೇ ಹೋಗುತ್ತದೆ, ಚಾಕಿಗೆ ಬರುವುದಿಲ್ಲ ಎಂದು ಸಂಜೆಯೆಲ್ಲ ವಿವರಿಸಿದ. ಅವಳು ಕೇಳಿ, ಹ್ಞೂಂ ಎಂದು, ಅತ್ತ ತಿರುಗಿದಳು. ಯುಗಾದಿ ಹೋಯಿತು, ಗೌರಿ ಹಬ್ಬ ಹೋಯಿತು, ಚಾಕು ಬರಲಿಲ್ಲ.

ಈಗ ಹೈದರ್ ಲೋಟ ಕೆಳಗಿಟ್ಟ. ರೈಲು ಕಂಬಿಯ ತುಂಡು ಸಿಗುತ್ತದೆಯೇ ಎಂದು ಅಂಬರೀಶ್ ಮತ್ತೆ ಕೇಳಿದ್ದಕ್ಕೆ, ಕಂಬಿ ಇಟ್ಟುಕೊಂಡರೆ ಪೊಲೀಸರು ನನ್ನನ್ನೇ ಬಡಿಯುತ್ತಾರೆ ಎಂದ. ಆಮೇಲೆ ಏನೋ ನೆನಪಾದವನಂತೆ, ಸೂಲಿಬೆಲೆಯಲ್ಲಿ ಆವಲಪ್ಪ ಎಂಬ ಕಮ್ಮಾರನಿದ್ದಾನೆ, ಕುಲುಮೆ ಬಿಟ್ಟು ಗೇಟು ಕಿಟಕಿ ವೆಲ್ಡಿಂಗಿಗೆ ಇಳಿದಿದ್ದಾನೆ, ಅವರಪ್ಪನ ಕಾಲದ ಅಡಿಗಲ್ಲು ಸುಮ್ಮನೆ ಬಿದ್ದಿರಬೇಕು, ಹೋಗಿ ಕೇಳಿ ಎಂದು ದಾರಿ ಹೇಳಿದ.

ಅಂಬರೀಶ್ ಸ್ಕೂಟರನ್ನು ಅಲ್ಲಿಂದಲೇ ಸೂಲಿಬೆಲೆಗೆ ತಿರುಗಿಸಿದ. ಆವಲಪ್ಪ ಕುಳ್ಳಗಿನ ಸಿಡುಕು ಮೋರೆಯ ಮನುಷ್ಯ. ಕಣ್ಣಿನ ಕಪ್ಪು ಕನ್ನಡಕ ತೆಗೆಯದೆಯೇ ಎಲ್ಲವನ್ನೂ ಕೇಳಿಸಿಕೊಂಡ. ಶೆಡ್ಡಿನ ಹಿಂದೆ ಟಾರ್ಪಾಲು ಸರಿಸಿ ತೋರಿಸಿದ. ಹುಣಸೆಯ ದಿಮ್ಮಿಯಲ್ಲಿ ಕೂರಿಸಿದ ಕರಿಯ ಉಕ್ಕು, ನೆತ್ತಿ ಕನ್ನಡಿ, ಪಕ್ಕದಲ್ಲಿ ಒಣಗಿದ ಕುಂಕುಮ. ಅಂಬರೀಶನಿಗೆ ಬಾಯಲ್ಲಿ ನೀರೂರಿತು. ಬೆಲೆಯೂ ಅವನ ಕೈಗೆಟುಕುವಂಥದ್ದೇ. ನನ್ನ ಮಗನಿಗೆ ಇದು ಬೇಡ, ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ, ಬಡಿಯುವವನಿಗೆ ಹೋದರೆ ಹೋಗಲಿ ಎಂದ ಆವಲಪ್ಪ. ಆದರೆ ಶುಕ್ರವಾರ ಪೂಜೆ ಮಾಡಿ, ಕಾಯಿ ಒಡೆದೇ ಎತ್ತಿಸಬೇಕು. ಅಲ್ಲಿಯ ತನಕ ಮುಟ್ಟುವ ಹಾಗಿಲ್ಲ.

ಶುಕ್ರವಾರ ಅಂಬರೀಶ್ ರಜೆ ಹಾಕಿದ. ಹೊರಡುವಾಗ ಜಗಲಿಯಲ್ಲಿದ್ದ ತಾಯಿಗೆ, ಇವತ್ತು ಅಡಿಗಲ್ಲು ಬಂತೆಂದರೆ ಭಾನುವಾರ ನಿನ್ನ ಕೈಯಲ್ಲಿ ಚಾಕು ಎಂದ. ದ್ಯಾವಮ್ಮ ಅವನ ಮುಖ ನೋಡಲಿಲ್ಲ. ಬಚ್ಚಲ ಕಡೆಗೆ ನೋಡುತ್ತಿದ್ದಳು.

ಸೂಲಿಬೆಲೆಯಲ್ಲಿ ಎಲ್ಲ ಸರಾಗ ನಡೆಯಿತು. ಆವಲಪ್ಪ ಮಿಂದು, ಅಡಿಗಲ್ಲಿಗೆ ನೀರು ಹಾಕಿ, ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆದ. ಎತ್ತುವುದಕ್ಕೆ ಪಕ್ಕದ ಮನೆಯವರನ್ನು ಕರೆತರುತ್ತೇನೆಂದು ಬೀದಿಗೆ ಹೋದ. ಅಂಬರೀಶ್ ಒಬ್ಬನೇ ನಿಂತ. ಜೇಬಿನಲ್ಲಿದ್ದ ಗುಂಡು ಸುಮ್ಮನಿರಬೇಕಲ್ಲ! ತೆಗೆದು ಬಿಟ್ಟ. ಗುಂಡು ಹಾರಿ ಸೀದಾ ಅವನ ಅಂಗೈಗೇ ವಾಪಸು ಬಂತು. ಇಷ್ಟು ದಿನದ ಅಲೆದಾಟಕ್ಕೆ ಸಿಕ್ಕ ಉತ್ತರ ಅದು. ಅಷ್ಟಕ್ಕೆ ಸುಮ್ಮನಾಗಿದ್ದರೂ ಆಗುತ್ತಿತ್ತು. ಒಳ್ಳೆಯ ಅಡಿಗಲ್ಲು ಗಂಟೆಯ ಹಾಗೆ ಹಾಡುತ್ತದೆ ಎಂದೂ ಮೊಬೈಲಿನವರು ಹೇಳಿದ್ದರಲ್ಲ, ಗೋಡೆಗೆ ಒರಗಿಸಿದ್ದ ಸುತ್ತಿಗೆ ತೆಗೆದುಕೊಂಡು ಹೂವು ಸರಿಸಿ ಒಂದು ಬಿಟ್ಟ.

ಠಣ್ ಎಂದ ಸದ್ದು ಬೀದಿಯ ಕೊನೆಯ ತನಕ ಹೋಯಿತು. ಪಕ್ಕದ ಮನೆಯ ಒಳಗಿಂದ ಯಾರೋ ಹೆಂಗಸು ಅಯ್ಯೋ ಎಂದಳು. ಆವಲಪ್ಪ ಓಡುತ್ತ ಬಂದ. ಮುಖ ಬಿಳಿಚಿಕೊಂಡಿತ್ತು. ಸುತ್ತಿಗೆಯನ್ನು ಕಿತ್ತುಕೊಂಡು, ಇನ್ನೂ ನಡುಗುತ್ತಿದ್ದ ಉಕ್ಕಿನ ಮೇಲೆ ಅಂಗೈಯಿಟ್ಟು ಸದ್ದು ಅಡಗಿಸಿದ.

"ಮೇಲೆ ಕಾದ ಕಬ್ಬಿಣ ಇಲ್ದೆ ಬರೀ ಕಲ್ಲಿಗೆ ಹೊಡೀತಾರೇನ್ರೀ ಯಾರಾದ್ರೂ? ನಮ್ಮನೇಲಿ ಹಂಗೆ ಹೊಡೆದಿದ್ದು ಒಂದೇ ಸಲ. ನಮ್ಮಪ್ಪನ ಹೆಣ ಎತ್ತಿದ ದಿನ."

ಗೊತ್ತಿರಲಿಲ್ಲ ಎಂದ ಅಂಬರೀಶ್. ತಪ್ಪಾಯಿತು ಎಂದ. ಇನ್ನೊಂದು ಕಾಯಿ ಒಡೆಸುತ್ತೇನೆ ಎಂದ. ಮೊದಲ ದಿನ ಅಂಬರೀಶ್ ಕೊಟ್ಟುಹೋಗಿದ್ದ ಮುಂಗಡವನ್ನು ಆವಲಪ್ಪ ತಂದು ಸ್ಕೂಟರಿನ ಸೀಟಿನ ಮೇಲಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅಂಬರೀಶನಿಗೆ ಅಳುವೇ ಬಂತು. ಕೊನೆಗೆ ತಾಯಿಯ ಕೈ, ಲಕ್ವ, ತಳ್ಳುವ ತಟ್ಟೆ ಎಲ್ಲವನ್ನೂ ಹೇಳಿಕೊಂಡ. ಆವಲಪ್ಪ ಟಾರ್ಪಾಲು ಎಳೆಯುತ್ತಿದ್ದವನು ನಿಂತ. ಸಿಡುಕು ಇಳಿದಿರಲಿಲ್ಲ.

"ನಿಮ್ಮ ತಾಯಿಗೆ ಚಾಕು ತಾನೇ ಬೇಕಾಗಿರೋದು? ಪಟ್ಟಿ ತಂದ್ಕೊಡಿ, ನಾನೇ ಬಡಿದು ಕೊಡ್ತೀನಿ. ಕಲ್ಲು ಮಾತ್ರ ಕೇಳ್ಬೇಡಿ."

ಹ್ಞೂಂ ಎನ್ನಬೇಕಿತ್ತು. ಯಾರಾದರೂ ಎನ್ನುತ್ತಿದ್ದರು. ಅಂಬರೀಶನ ಬಾಯಿಗೆ ಆ ಮಾತು ಬರಲೇ ಇಲ್ಲ. ದುಡ್ಡನ್ನು ಜೇಬಿಗೆ ತುರುಕಿಕೊಂಡು ಸ್ಕೂಟರು ಒದ್ದ. ಹೊಸಕೋಟೆ ದಾಟುವ ತನಕ ಆವಲಪ್ಪನನ್ನು, ನೀಲಿ ಬಣ್ಣದ ಬೀಡು ಕಳಿಸಿದವರನ್ನು, ಹೈದರನನ್ನು, ಎಲ್ಲರನ್ನೂ ಬೈದ. ಆಮೇಲೆ ಬೈಯುವುದಕ್ಕೆ ಯಾರೂ ಉಳಿಯಲಿಲ್ಲ. ಆವಲಪ್ಪ ಕೊಡುತ್ತೇನೆಂದ ಚಾಕು ಬೇಡವಾಯಿತೇಕೆ ಎಂಬ ಪ್ರಶ್ನೆ ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಊರಿನವರೆಗೂ ಬಂತು. ಅಮ್ಮನಿಗೆ ಚಾಕು ಬೇಕಾಗಿತ್ತು. ತನಗೆ ಬಡಿಯುವುದು ಬೇಕಾಗಿತ್ತು. ಅವೆರಡೂ ಒಂದೇ ಎಂದು ಇಷ್ಟು ದಿನ ಅಂದುಕೊಂಡಿದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮನೆಗೆ ಬಂದಾಗ ಜಗಲಿಯ ಕುರ್ಚಿ ಖಾಲಿ. ಚಪ್ಪಲಿ ಬಿಡದೆಯೇ ಒಳಗೆ ಹೋದ.

ದ್ಯಾವಮ್ಮ ಅಡುಗೆಮನೆಯ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೇಜಿನ ಮೇಲೆ ಅಟ್ಟದಿಂದಿಳಿದ ಈಳಿಗೆ ಬಾಯಿ ತೆರೆದು ನಿಂತಿತ್ತು. ಅದರ ಮಣೆಯ ಮೇಲೆ, ಹಿಂದೆಲ್ಲ ಅವಳ ಬಲಗಾಲು ಇರುತ್ತಿದ್ದ ಜಾಗದಲ್ಲಿ, ಕೊಂಬು ಮುರಿದ ನೀಲಿ ಬೀಡು ಕೂತಿತ್ತು. ಎಡಗೈಯಲ್ಲಿ ಹಿಡಿದ ಹುರುಳಿಕಾಯಿಯನ್ನು ಅವಳು ಅಲಗಿಗೆ ಒತ್ತುತ್ತಿದ್ದಳು. ತುಂಡು ತಟ್ಟೆಗೆ ಬೀಳುತ್ತಿತ್ತು. ಮಣೆ ಅಲ್ಲಾಡುತ್ತಿರಲಿಲ್ಲ. ತಟ್ಟೆ ಆಗಲೇ ಮುಕ್ಕಾಲು ತುಂಬಿತ್ತು.

"ವಾರದಿಂದ ಬಚ್ಚಲ ಕಡೆಗೇ ನೋಡ್ತಾ ಕೂತಿರ್ತಿದ್ರು" ಎಂದಳು ಮಮತ, ಒಲೆಯ ಬಳಿಯಿಂದ. "ನೀವು ಅತ್ಲಾಗೆ ಹೋದ್ರಿ, ಇವರು ಇತ್ಲಾಗೆ ಅದನ್ನ ತಂದು ಮಣೆ ಮೇಲಿಡು ಅಂದ್ರು. ಎತ್ತೋಷ್ಟರಲ್ಲಿ ನನ್ ಸೊಂಟ ಬಿದ್ದೋಯ್ತು."

ಅಂಬರೀಶನಿಗೆ ಸಂತೋಷವಾಗಬೇಕಿತ್ತು, ಆಗುತ್ತಲೂ ಇತ್ತು, ಅದರ ಅಡಿಯಲ್ಲೇ ಕುಲುಮೆ, ತಿದಿ, ಪಟ್ಟಿ, ಅಷ್ಟು ಭಾನುವಾರಗಳು, ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂಬ ಸಿಟ್ಟೂ ಇತ್ತು. ತಾಯಿ ತಲೆಯೆತ್ತಿದಳು. ಅವಳ ಮುಖದಲ್ಲಿ ಬೆವರಿತ್ತು, ಬಿಸಿಯೂಟದ ದಿನಗಳಲ್ಲಿ ಇರುತ್ತಿದ್ದ ಹಾಗೆ.

"ಸಿಕ್ತೇನೋ ನಿನ್ ಅಡಿಗಲ್ಲು?"

"ಇಲ್ಲಮ್ಮ."

"ಹೋಗ್ಲಿ ಬಿಡು." ಅವಳು ಮೊಣಕೈಯಿಂದ ಹುರುಳಿಕಾಯಿಯ ಮೊರವನ್ನು ಅವನ ಕಡೆಗೆ ತಳ್ಳಿದಳು. "ಕೂತ್ಕೊ. ನಾರು ತೆಗೆದು ಕೊಡು. ಅದೊಂದು ಒಂದ್ ಕೈಲಿ ಆಗಲ್ಲ."

ಅಂಬರೀಶ್ ಸ್ಟೂಲು ಎಳೆದುಕೊಂಡು ಕೂತ. ಕೂತಾಗ ಜೇಬಿನ ಗುಂಡು ತೊಡೆಗೆ ಒತ್ತಿತು. ಅದನ್ನು ತೆಗೆದು, ಎಲ್ಲಿಡುವುದೆಂದು ತಿಳಿಯದೆ, ನೀಲಿ ಗಟ್ಟಿಯ ಮೇಲೆ ಮೆಲ್ಲಗೆ ಇಟ್ಟ. ಅದು ಸ್ವಲ್ಪ ಉರುಳಿ, ಅವನೇ ಬಡಿದಿದ್ದ ಮೊದಲ ಏಟಿನ ತಗ್ಗಿಗೆ ಬಂದು ನಿಂತಿತು. ಅವನು ಒಂದು ಹುರುಳಿಕಾಯಿಯ ತುದಿ ಮುರಿದು, ನಾರು ಎಳೆದು, ತಾಯಿಯ ಎಡಗೈಗೆ ಕೊಟ್ಟ.