ಸಿಂಹದ ಗಂಟಲಲ್ಲಿ ಉಳಿದ ಚಿನ್ನ

ನನ್ನ ಮಾವನವರು ಮನೆಗೆ ಬಂದವರಿಗೆ ಕಾಫಿ ಕೊಡಿಸುವುದನ್ನು ಮರೆತಾರು, ಕಂಚಿನ ಸಿಂಹವನ್ನು ತೋರಿಸುವುದನ್ನು ಮರೆಯುವವರಲ್ಲ.

"ಮುನ್ನೂರು ವರ್ಷದ್ದು. ಚಿನ್ನಾನ ಪಾದರಸದಲ್ಲಿ ಕಲಸಿ, ಬಳಿದು, ಬೆಂಕೀಲಿ ಕಾಯಿಸಿ ಹಿಡಿಸಿರೋದು. ಅವತ್ತಿಂದ ಇವತ್ತಿನವರೆಗೆ ಯಾರೂ ಒಂದು ಚೂರೂ ಕೆಡಿಸಿಲ್ಲ!"

ಬಂದವರು ತಲೆದೂಗುತ್ತಿದ್ದರು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಹಳೆಯ ಶಿಲ್ಪಗಳ ಮೇಲಿನ ಚಿನ್ನ ಯಾವ ಬಗೆಯದೆಂದು ಪತ್ತೆ ಹಚ್ಚುವುದೇ ವಸ್ತುಸಂಗ್ರಹಾಲಯದಲ್ಲಿ ನನ್ನ ಕೆಲಸ. ಆದರೆ ಆ ಮನೆಯಲ್ಲಿ ಸೊಸೆಯ ಅಭಿಪ್ರಾಯವನ್ನು ಯಾರೂ ಕೇಳಿದವರಲ್ಲ.

ಈ ಬಡಾಯಿ ಒಂದು ದಿನ ನಮ್ಮ ನಿರ್ದೇಶಕರ ಕಿವಿಗೆ ಬಿತ್ತು. ಹೊಸ ಪ್ರದರ್ಶನಕ್ಕೆ ಸಿಂಹ ಬೇಕು, ಪರೀಕ್ಷೆ ನೀವೇ ಮಾಡಿ ಎಂದರು. ಸುದ್ದಿ ಹೇಳಿದರೆ ಮಾವನವರು ಕುಣಿದಾಡುವ ಬದಲು ಕೆಮ್ಮಿದರು.

"ಮನೆಯಿಂದಾಚೆ ಕಳಿಸೋದು ಬೇಡಮ್ಮ."

"ಹೌದು, ಬೇಡ," ಎಂದರು ಅತ್ತೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿದ್ದ ಗಂಡಹೆಂಡಿರು ಒಂದೇ ಮಾತು ಆಡಿದ್ದನ್ನು ನಾನು ಅಂದೇ ಕೇಳಿದ್ದು. ಆದರೆ ಸುದ್ದಿ ಆಗಲೇ ಬೀದಿಗೆಲ್ಲ ಹಬ್ಬಿತ್ತು. ಈಗ ಕೊಡುವುದಿಲ್ಲವೆಂದರೆ ಇಷ್ಟು ದಿನ ಹೇಳಿದ್ದೆಲ್ಲ ಬುರುಡೆ ಎಂದಾಗುತ್ತದೆ. ಮಾಡಿದ್ದುಣ್ಣೋ ಮಹಾರಾಯ! ಕೊಟ್ಟರು.

ಸಿಂಹವನ್ನು ಒಯ್ಯುವ ಮುನ್ನ ಅತ್ತೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು.

"ನಿಂಬೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ಅದರ ಬೆನ್ನಿನ ಚಿನ್ನಾನೆಲ್ಲ ಕಳೆದುಬಿಟ್ಟೆ ಕಣೇ. ನಿಮ್ಮ ಮಾವ ಊರಲ್ಲಿಲ್ಲದಾಗ, ನಲ್ಲಿಗಳಿಗೆ ಕರೆಂಟು ಕೊಟ್ಟು ಹೊಳಪು ಹಿಡಿಸ್ತಾರಲ್ಲ, ಆ ಅಂಗಡೀಲಿ ಮತ್ತೆ ಚಿನ್ನದ ನೀರು ಹಾಕಿಸ್ದೆ. ಅವರಿಗೆ ಗೊತ್ತಾದ್ರೆ ಎದೆ ಒಡೆದುಕೊಳ್ತಾರೆ. ಮುನ್ನೂರು ವರ್ಷ ಉಳಿದಿದ್ದು ನನ್ನ ಕೈಯಲ್ಲೇ ಹಾಳಾಗಬೇಕಿತ್ತಾ?"

ಮನೆಯವರನ್ನೆಲ್ಲ ಗದರಿಸಿ ಇಟ್ಟಿದ್ದ ಹೆಂಗಸು ಚಿಕ್ಕ ಮಗುವಿನಂತೆ ಅತ್ತರು.

ಸಿಂಹವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚಿನ್ನದ ರೇಕು ಅಂಟಿಸಿದ್ದಾದರೆ ಹಾಳೆಯ ಮೇಲೆ ಹಾಳೆ ಕೂತ ಗೆರೆ ಕಾಣಬೇಕು, ಇರಲಿಲ್ಲ. ಬೆಂಕಿಯಲ್ಲಿ ಹಿಡಿಸಿದ್ದಾದರೆ ಲೋಹ ಗುರುತಿಸುವ ಯಂತ್ರ ಪಾದರಸದ ಸುಳಿವು ಕೊಡಬೇಕು. ಬೆನ್ನು, ಕೇಸರ, ಬಾಲ, ಎಲ್ಲಿ ಹಿಡಿದರೂ ಇಲ್ಲ. ಅತ್ತೆ ಹೇಳಿದಂತೆ ವಿದ್ಯುತ್ತಿನಿಂದ ಹಾಕಿದ ಲೇಪವೇ. ಆದರೆ ಪಂಜದ ಬಳಿ ಚಕ್ಕೆ ಎದ್ದಿದ್ದ ಕಡೆ ಆ ಲೇಪದ ಕೆಳಗೆ ಇನ್ನೊಂದು ಕಂಡಿತು. ಅದೂ ವಿದ್ಯುತ್ತಿನದೇ, ಅದರ ಮೈತುಂಬ ಉಜ್ಜಿದ ಗೀರುಗಳು.

ಕೊನೆಗೆ ಸಿಂಹದ ತೆರೆದ ಬಾಯೊಳಗೆ ದೀಪ ಬಿಟ್ಟೆ. ಅಷ್ಟು ಆಳದ ಸಂದಿಗೆ ವಿದ್ಯುತ್ತಿನ ಲೇಪ ಸರಿಯಾಗಿ ಇಳಿಯುವುದಿಲ್ಲ, ಅತ್ತೆಯ ಬೆರಳಂತೂ ಇಳಿಯುವುದೇ ಇಲ್ಲ. ನಾಲಿಗೆಯ ಹಿಂದೆ ಉಗುರಗಲದ ಜಾಗದಲ್ಲಿ ಪಾದರಸ ಸಿಕ್ಕಿತು. ಮಾವನವರ ಬಡಾಯಿ ಸುಳ್ಳಲ್ಲ, ಆದರೆ ಗಂಟಲಿನ ಮಟ್ಟಿಗೆ ಮಾತ್ರ ನಿಜ.

ಸಂಜೆ ಕಾಫಿ ಕೊಟ್ಟು ಇಬ್ಬರನ್ನೂ ಕೂರಿಸಿಕೊಂಡೆ. ಸುಳ್ಳು ಹೇಳುವುದು ನನ್ನಿಂದಾಗದು. ಹಾಕಿಸಿದವರು ಯಾರೆಂದು ಹೇಳುವುದು ನನ್ನ ಕೆಲಸವಲ್ಲ.

"ಗಂಟಲೊಳಗೆ ಹಳೇ ಚಿನ್ನ ಉಳಿದಿದೆ ಮಾವ. ಮೈಮೇಲಿರೋದು ಈಚೆಗೆ ಹಾಕಿಸಿದ್ದು. ಎರಡು ಪದರ ಇದೆ."

ಕಣ್ಣು ಮುಚ್ಚಿಕೊಂಡಿದ್ದ ಅತ್ತೆ ತಟ್ಟನೆ ತೆರೆದರು. "ಎರಡಾ?"

"ಎರಡಾ?" ಎಂದರು ಮಾವನವರೂ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಸೋತದ್ದು ಮಾವನವರು.

"ಮದುವೆಯಾದ ಹೊಸದರಲ್ಲಿ ನೀನು ತವರಿಗೆ ಹೋಗಿದ್ದೆಯಲ್ಲ... ಚೆನ್ನಾಗಿ ಹೊಳೀಲಿ ಅಂತ ಬಚ್ಚಲಿನ ಆಸಿಡ್ ಹಾಕಿ ತೊಳೆದೆ. ಚಿನ್ನ ಸಿಪ್ಪೆ ಥರ ಎದ್ದು ಬಂತು. ನಲ್ಲಿ ಅಂಗಡಿಗೆ ಒಯ್ದೆ."

"ಹಾಗಾದ್ರೆ ನಾನು ಉಜ್ಜಿ ಕಳೆದಿದ್ದು?"

"ನಾನು ಹಾಕಿಸಿದ್ದು."

ಪಾಪದ ಹೊರೆ ಇಳಿಯಿತಲ್ಲ, ಅತ್ತೆ ನಿಟ್ಟುಸಿರು ಬಿಡುತ್ತಾರೆಂದುಕೊಂಡೆ. ಅವರು ಎದ್ದು ನಿಂತರು.

"ಇಷ್ಟು ವರ್ಷ ಬಚ್ಚಲಲ್ಲಿ ನೀರು ಬಿಟ್ಕೊಂಡು ನಾನು ಅತ್ತಿದ್ದು ನಿಮ್ಮ ನಲ್ಲಿ ಅಂಗಡಿ ಚಿನ್ನಕ್ಕಾ?"

ಮಾವನವರು ಮೆಲ್ಲಗೆ ನನ್ನ ಕಡೆ ತಿರುಗಿದರು. "ನೀನೇನಂತೀಯಮ್ಮ?"

ಆ ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದ್ದು ಅದೇ ಮೊದಲು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.