ಕಂಬಕ್ಕೆ ಗರಿಯೆಲ್ಲಿ

ತೆಂಗಿನ ಮರ ಹತ್ತುವುದನ್ನು ಸಿಮೆಂಟು ಕಂಬದ ಮೇಲೆ ಕಲಿಸಿದವನು ನಮ್ಮ ಭೀಮರಾಜು. ನಗಬೇಡಿ. ತಿಪಟೂರಿನ ಆ ತರಬೇತಿ ಕೇಂದ್ರದ ಅಂಗಳದಲ್ಲಿ ಇದ್ದದ್ದು ಅದೊಂದೇ. ತರಬೇತಿ ಮುಗಿಸಿದ ಹೆಣ್ಣುಮಕ್ಕಳು ಯಂತ್ರ ಕಟ್ಟಿಕೊಂಡು ಮರ ಹತ್ತಿ ಕಾಯಿ ಕೆಡವಬಲ್ಲವರಾಗಬೇಕು ಎಂದು ಗೋಡೆಯ ಮೇಲೆ ಬರೆಸಿದ್ದವನೂ ಅವನೇ.

ಮೊದಲು ಅಭ್ಯಾಸಕ್ಕೆಂದು ನೊಣವಿನಕೆರೆಯ ದುರ್ಗಯ್ಯನವರ ತೋಟ ಕೇಳಿದ್ದ. ಹೆಂಗಸರು ಹತ್ತಿದ ಮರ ಹೊಂಬಾಳೆ ಬಿಡುವುದಿಲ್ಲವೆಂದು ಅವರು ಮುಖ ಕೊಟ್ಟು ಮಾತಾಡಲಿಲ್ಲ. ಇನ್ನೊಬ್ಬರನ್ನು ಕೇಳಬಹುದಿತ್ತು. ಇಲ್ಲದ ಉಸಾಬರಿ ಯಾಕೆಂದು ಸುಮ್ಮನಾದ. ಕಂಬ ಹತ್ತಿಸಿದ, ಇಳಿಸಿದ. ಕಂಬಕ್ಕೆ ಗರಿಯೆಲ್ಲಿ ಬರಬೇಕು? ತುದಿಯಲ್ಲಿ ಗರಿ ಹಿಡಿಯುವುದನ್ನು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ. ಪರೀಕ್ಷೆಯನ್ನೂ ಕಾಗದದ ಮೇಲೆಯೇ ಮುಗಿಸಿದ. ಆಧಾರಕ್ಕೆ ಹಿಡಿಯಬೇಕಾದ್ದು ಹಸಿ ಗರಿಯೋ ಒಣ ಗರಿಯೋ? ತಂಡದಲ್ಲಿದ್ದ ಕೃತಿಕಾ ಎಂಬ ಹುಡುಗಿ ಹಸಿ ಗರಿ ಎಂದು ಬರೆದಳು. ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ ಬಂತು. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎಂಬುದು ಆ ಮಹಾರಾಯನಿಗೆ ತಿಳಿಯದ್ದೇನಲ್ಲ.

ಸರ್ಟಿಫಿಕೇಟು ಕೈಗೆ ಬಂದ ವಾರದಲ್ಲೇ ಕಂದಿಕೆರೆಯ ತೋಟವೊಂದರಲ್ಲಿ ಕೃತಿಕಾ ಮೊದಲ ಸಲ ನಿಜವಾದ ಮರ ಹತ್ತಿದಳು. ಸಲೀಸಾಗಿಯೇ ಹೋದಳಂತೆ. ಗೊನೆಯ ಹತ್ತಿರ ಸೊಂಟದ ಬೆಲ್ಟು ಬಿಚ್ಚಿ ಮೇಲೇರುವಾಗ ಗಾಳಿ ಬೀಸಿ ಮರ ತೂಗಿತು. ಕಂಬ ಯಾವತ್ತೂ ತೂಗಿರಲಿಲ್ಲ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಜೋತುಬಿದ್ದ ಒಣ ಗರಿ.

ಇನ್ನು ನಡೆಯುವ ಆಸೆ ಬಿಡಿ ಎಂದರು ಡಾಕ್ಟರು. ವಿಚಾರಣೆಗೆ ಬಂದ, ಕೇಂದ್ರ ನಡೆಸುವ ಸಂಸ್ಥೆಯವರು ಅವಳ ಅಂಕ ನೋಡಿ ಹಗುರಾದರು. ಕಲಿಸಿದ್ದು ಸರಿಯಾಗಿದೆ, ತಪ್ಪು ಹುಡುಗಿಯದೇ, ಇಲ್ಲಿ ಸಹಿ ಹಾಕಿ ಎಂದರು. ಭೀಮರಾಜು ಕಾಗದವನ್ನು ಎರಡು ಸಲ ಓದಿದ. ಆದರೂ ಹಾಕಿದ. ಕೆಲಸ ಹೋದೀತೆಂಬ ಭಯ, ಬೇರೇನಲ್ಲ.

ಆಸ್ಪತ್ರೆಗೆ ಹೋದಾಗ ಕೃತಿಕಾಳ ತಾಯಿ ಚಿಕ್ಕಗೌರಮ್ಮ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಮಗಳಿಗೆ ಪಾಠ ಹೇಳಿದ ಮೇಷ್ಟ್ರೆಂಬ ಮರ್ಯಾದೆ. ಅವನಿಗೆ ಕೂರಲಾಗಲಿಲ್ಲ.

“ಹಸಿ ಗರಿ ಅಂತಾನೇ ಬರ್ದಿದ್ದೆ ಸಾರ್,” ಎಂದಳು ಕೃತಿಕಾ, ಸೂರು ನೋಡುತ್ತ. “ತಲೇಗ್ ಗೊತ್ತಿತ್ತು. ಮ್ಯಾಲೋದಾಗ ಕೈಗೆ ಗೊತ್ತಾಗ್ನಿಲ್ಲ. ನಂದೇ ತಪ್ಪು, ಬುಡಿ.”

ಅಲ್ಲಮ್ಮ, ನನ್ನದು ಎನ್ನಬೇಕಿತ್ತು. ಸಹಿ ನೆನಪಾಯಿತು.

“ಹುಷಾರಾಗ್ತೀಯ ಬುಡಮ್ಮ,” ಎಂದು ಹೊರಗೆ ಬಂದ.

ಸೋಮವಾರ ಹೊಸ ತಂಡದ ಹೆಣ್ಣುಮಕ್ಕಳು ಅಂಗಳದಲ್ಲಿ ಕಾಯುತ್ತಿದ್ದರು. ಭೀಮರಾಜು ಯಂತ್ರ ಎತ್ತಿಕೊಂಡು ಬಂದು ಕಂಬಕ್ಕೆ ಕಟ್ಟಿದ.