ತಂಗಿಯ ಜಾಗಕ್ಕೆ ಆಟೋಪೈಲಟ್

ಚಳಿ ಹಿಂದೆ ಸರಿದು, ಬಿಸಿಲಿಗೆ ಇನ್ನೂ ಖಾರ ಏರಿರದ ದಿನಗಳು. ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿದ ಹೊತ್ತು. ನನ್ನ ತಂಗಿ ಬಾಚಣಿಗೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು, "ಅಕ್ಕ, ಇವತ್ತೊಂದು ದಿನ ನೀನೇ ತಲೆ ಬಾಚಿಬಿಡು" ಎಂದಳು.

"ಯಾಕಮ್ಮ, ಫೋಟೋ ತೆಗೆಸ್ಕೋಬೇಕಾ?" ಅಂದೆ.

ಅವಳು ನಗಲಿಲ್ಲ. ಬಲಗೈ ಎತ್ತಿ ತೋರಿಸಿದಳು. ಭುಜದ ಮಟ್ಟದವರೆಗೆ ಬಂದ ಕೈ ಅಲ್ಲೇ ನಿಂತುಬಿಟ್ಟಿತು. ಎಡಗೈಯಿಂದ ಅದನ್ನು ಹಿಡಿದು ಮೇಲೆ ತಳ್ಳಲು ಹೋದಳು. ಕಣ್ಣಲ್ಲಿ ನೀರು ಬಂತು.

ಬೇರೆಯವರ ಕೈ ಆಗಿದ್ದರೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ ಸುಮ್ಮನಿರಬಹುದಿತ್ತು. ನನ್ನ ತಂಗಿ ಬೋರ್ಡು ಬರೆಯುವವಳು. ನಮ್ಮ ಊರಿನ ಅರ್ಧ ಅಂಗಡಿಗಳ ಹೆಸರು ಅವಳ ಕೈಯಲ್ಲೇ ಆದದ್ದು. ಸ್ಕೇಲಿಲ್ಲ, ದಾರವಿಲ್ಲ, ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತಾಳೆ, ಆಮೇಲೆ ಬ್ರಷ್ಷು ಎತ್ತಿದರೆ ಅಕ್ಷರ ಸಾಲಾಗಿ ಬಂದು ನಿಲ್ಲುತ್ತವೆ. ಆ ವರ್ಷ ಬಸ್ ಡಿಪೋದ ಉದ್ದ ಗೋಡೆ ಅವಳ ಪಾಲಿಗೆ ಬಂದಿತ್ತು. ಅಷ್ಟು ದೊಡ್ಡ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ಮಳೆ ಹಿಡಿಯುವ ಮೊದಲು ಮುಗಿಸಿಕೊಡುತ್ತೇನೆ ಎಂದು ಒಪ್ಪಿಕೊಂಡು, ಮುಂಗಡ ಇಸಿದುಕೊಂಡು ಬಂದಿದ್ದಳು.

"ಮೂಳೆ ಡಾಕ್ಟರು ನೋಡಿದ್ರು" ಎಂದು ನಾನು ಸಿಕ್ಕು ಬಿಡಿಸುವಾಗ ಹೇಳಿದಳು. "ಕೀಲು ಸವೆದಿದೆಯಂತೆ. ಏನು ಭಾರ ಎಳೀತಾ ಇದ್ದೀರೋ ಅದನ್ನ ಬಿಡಿ, ಇಲ್ಲದಿದ್ರೆ ಈ ಕೈ ಮೇಲಕ್ಕೆ ಏಳೋದು ಪೂರ್ತಿ ನಿಂತುಹೋಗುತ್ತೆ ಅಂದ್ರು. ಬ್ರಷ್ಷು ಬಿಟ್ಟು ಇನ್ನೇನೂ ಹಿಡಿಯಲ್ಲ ಅಂತ ಹೇಳಿ ಬಂದೆ."

"ಬ್ರಷ್ಷಿಗೆ ಎಷ್ಟು ಭಾರ ಇರುತ್ತೆ?"

"ಗುರುವಾರ ಅಕ್ಕ. ಗುರುವಾರ ಆ ಸ್ಟೀರಿಂಗು ಹಿಡ್ಕೊಂಡು ಬರ್ತೀನಲ್ಲ, ಶುಕ್ರವಾರ ಬ್ರಷ್ಷು ಎತ್ತೋಕೆ ಆಗಲ್ಲ."

ಗುರುವಾರದ ವಿಷಯ ಹೇಳಬೇಕು. ತಂಗಿಯ ಗಂಡನಿಗೆ ಕನ್ನಡಕದ ಅಂಗಡಿ; ನಾನಿರುವುದೂ ಅವರ ಮನೆಯಲ್ಲೇ. ಊರಲ್ಲಿ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಾರೆ. ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವ ಒಂದೇ ಹುಚ್ಚು ವಿಮಾನದ್ದು. ತಲೆಗೂದಲು ಕಪ್ಪಗಿದ್ದ ಕಾಲದಲ್ಲೇ ಹಾರುವುದು ಕಲಿತು, ಲೈಸೆನ್ಸು ಮಾಡಿಸಿಕೊಂಡು, ಯಾರೋ ಬಳಸಿ ಬಿಟ್ಟಿದ್ದ ನಾಲ್ಕು ಸೀಟಿನ ಪುಟ್ಟ ವಿಮಾನ ಕೊಂಡರು. ಗುರುವಾರ ಅಂಗಡಿಗೆ ರಜೆ. ಅವತ್ತು ಗಂಡಹೆಂಡತಿ ಊರಾಚೆಯ ಮೈದಾನಕ್ಕೆ ಹೋಗಿ, ಶೆಡ್ಡಿನಿಂದ ಅದನ್ನು ತಳ್ಳಿ ಹೊರಗೆ ತಂದು, ದೊಡ್ಡ ಕೆರೆ ದಾಟಿ ಆಚೆ ದಡದ ಮೈದಾನದಲ್ಲಿ ಇಳಿದು, ಅಲ್ಲಿ ಟೀ ಕುಡಿದು ವಾಪಸು ಬರುತ್ತಾರೆ. ಅಷ್ಟು ಪೆಟ್ರೋಲು ಸುಟ್ಟು ಕುಡಿಯುವ ಆ ಟೀ ನಾನೂ ಒಂದೆರಡು ಸಲ ಕುಡಿದಿದ್ದೇನೆ. ನಮ್ಮ ಮನೆಯದೇ ವಾಸಿ.

ಹಿಂದಿನ ಸೀಟಿನಲ್ಲಿ ಕೂತು ಅವರ ಪದ್ಧತಿಯನ್ನೂ ನೋಡಿದ್ದೇನೆ. ಏರಿಸುವುದು, ಇಳಿಸುವುದು ಅವರ ಕೆಲಸ. ಮೇಲೆ ಹೋಗಿ ಮಟ್ಟವಾದ ಕೂಡಲೇ "ತಗೋ, ನಿನ್ನ ಕೈಗೆ" ಎಂದು ಬಿಟ್ಟುಬಿಡುತ್ತಾರೆ. ಪಕ್ಕದ ಸೀಟಿನ ಮುಂದೆಯೂ ಅಂಥದೇ ಸ್ಟೀರಿಂಗು ಇರುತ್ತದೆ. ತಂಗಿ ಅದನ್ನು ಹಿಡಿದು ರೆಕ್ಕೆ ಮಟ್ಟವಾಗಿ ಇಡುತ್ತಾಳೆ. ಅವರು ನಕ್ಷೆ ಬಿಡಿಸಿ, ದುರ್ಬೀನು ತೆಗೆದು, ಕೆರೆ ಎಲ್ಲಿ ಒಣಗಿದೆ, ಕೊಕ್ಕರೆ ಎಲ್ಲಿ ಕೂತಿದೆ ಎಂದು ನೋಡುತ್ತಾರೆ. ಕೊಂಡ ದಿನದಿಂದ ಹೀಗೇ. ಆವರೆಗೆ ಅವಳಿಲ್ಲದೆ ಅವರು ಆ ವಿಮಾನ ಹತ್ತಿದ್ದೇ ಇರಲಿಲ್ಲ.

"ನಂಗೆ ಕೈ ನೋವು, ನಾನು ಬರಲ್ಲ ಅಂತ ಹೇಳಿಬಿಡು" ಅಂದೆ.

"ಹೇಳಿದ್ರೆ ಅವರೂ ಹೋಗಲ್ಲ. ಮಾರಿಬಿಡ್ತಾರೆ. ಮನೇಲಿ ಕೂತು ನಿಂಗೂ ನಂಗೂ ಬುದ್ಧಿ ಹೇಳ್ತಾರೆ. ಬೇಕಾ ನಿಂಗೆ?"

"ಬೇಡಪ್ಪ" ಅಂದೆ.

"ಅದಕ್ಕೇ. ತಾನೇ ಹಿಡ್ಕೊಳ್ಳೋ ಯಂತ್ರ ಬಂದಿದೆಯಲ್ಲ, ಆಟೋಪೈಲಟ್ಟು. ಅದನ್ನ ಹಾಕಿಸಿಬಿಟ್ರೆ ಅವರ ಪಾಡಿಗೆ ಅವರು ಹೋಗ್ತಾರೆ, ನನ್ನ ಪಾಡಿಗೆ ನಾನು ಗೋಡೆ ಬರೀತೀನಿ. ಕೈ ವಿಷಯ ನೀನು ಬಾಯಿ ಬಿಡಬೇಡ."

ನಾನು ಹೆಚ್ಚು ಮಾತಾಡುವವಳಲ್ಲ. ಬಾಯಿ ಬಿಡಲಿಲ್ಲ.

ಅವತ್ತೇ ಊಟಕ್ಕೆ ಕೂತಾಗ ಮಾತು ತೆಗೆದಳು. ಕನ್ನಡಕದವರು ನಕ್ಕರು. "ಅದರ ಬೆಲೆ ಗೊತ್ತೇನೇ ನಿಂಗೆ? ಅಂಗಡಿಗೆ ಗಾಜು ಉಜ್ಜೋ ಹೊಸ ಮಿಷನ್ ತರೋಣ ಅಂತ ಎಷ್ಟು ದಿನದಿಂದ ಕೂಡಿಡ್ತಾ ಇದ್ದೀನಿ!"

"ನಿಮಗೆ ವಯಸ್ಸಾಯ್ತು ರೀ."

"ನಂಗಾ? ಅತ್ತಿಗೆ, ನೋಡಿ ಹೇಳಿ, ನಂಗೆ ವಯಸ್ಸಾಗಿದೆಯಾ?"

"ಕನ್ನಡಕ ಹಾಕ್ಕೊಂಡು ನೋಡಿ ಹೇಳ್ತೀನಿ" ಅಂದೆ.

ಅವರು ಮೈದಾನದ ವೈರಿನವನನ್ನು ಕರೆಸಿ ಕೇಳಿದರು. ವಿಮಾನಗಳ ರೇಡಿಯೋ, ಎತ್ತರ-ವೇಗ ತೋರಿಸುವ ಗಡಿಯಾರ, ದೀಪ ಎಲ್ಲ ನೋಡಿಕೊಳ್ಳುವ ಕುಳ್ಳ ಮನುಷ್ಯ ಅವನು, ನಗುಮೊಗದವನು. ಅವನ ಮಾತಿನಲ್ಲಿ ಬೆಲೆ ಹಂತಹಂತವಾಗಿ ಮೇಲೇರುತ್ತಿತ್ತು. ಮೊದಲು ಆಟೋಪೈಲಟ್ಟಿನ ಪೆಟ್ಟಿಗೆಯ ಬೆಲೆ. ಅದನ್ನು ಕೇಳಿ ಕನ್ನಡಕದವರು ಆಯಿತೆಂದು ತಲೆಯಾಡಿಸಿದರು. ಆಮೇಲೆ ರೆಕ್ಕೆಯೊಳಗೊಂದು, ಬಾಲದೊಳಗೊಂದು ಕೂರಿಸಬೇಕಾದ ಚಿಕ್ಕ ಮೋಟಾರುಗಳು. ಅದಕ್ಕೂ ತಲೆಯಾಡಿಸಿದರು. ಆಮೇಲೆ ಕೂಲಿ.

"ಇದೇನಯ್ಯ, ಪೆಟ್ಟಿಗೆಗಿಂತ ನೀನೇ ದುಬಾರಿ!"

"ಪೆಟ್ಟಿಗೆ ತರೋದು ಸುಲಭ ಸಾರ್. ಅದನ್ನ ಒಳಗೆ ಕೂರಿಸೋಕೆ ಇಡೀ ಮುಂಭಾಗ ಬಿಚ್ಚಬೇಕು. ಬಿಚ್ಚಿದ ಮೇಲೆ ಹಳೇ ವೈರು ಹೇಗಿದೆಯೋ! ಹಳೇ ವಿಮಾನ ಅಂದ್ರೆ ಹಳೇ ಮನೆ ಇದ್ದ ಹಾಗೆ, ಒಂದು ಮೊಳೆ ಹೊಡೆಯೋಕೆ ಹೋದ್ರೆ ಗೋಡೆನೇ ಕೈಗೆ ಬರುತ್ತೆ. ಅದಾದ ಮೇಲೆ ವಿಮಾನ ಇಲಾಖೆ ಸಾಹೇಬರು ಬಂದು ನೋಡಿ ಸಹಿ ಹಾಕಬೇಕು, ಅದಕ್ಕೆ ಬೇರೆ."

"ಬೇಡ ಬಿಡಪ್ಪ" ಎಂದು ಕನ್ನಡಕದವರು ಎದ್ದರು. "ವಿಮಾನದ ಬೆಲೆಗೆ ಅರ್ಧ ಆಯ್ತು. ನನ್ನ ಹೆಂಡತಿ ಬಿಟ್ಟಿ ಹಿಡ್ಕೊಳ್ತಾಳೆ."

ತಮಾಷೆಗೆ ಅಂದ ಮಾತು. ತಂಗಿಯೂ ನಕ್ಕಳು. ಆದರೆ ಸಂಜೆ ಅವಳು ಡಿಪೋದ ಮುಂಗಡವನ್ನು ತಂದು ಗಂಡನ ಮುಂದೆ ಇಟ್ಟಳು. "ಇದೂ ಸೇರಿಸಿ ಹಾಕಿಸಿ" ಎಂದಳು.

ಅವರು ಹಣವನ್ನು ಮುಟ್ಟದೆ ಅವಳ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ವಯಸ್ಸಿನ ಚಿಂತೆ ಇವಳಿಗೆ ಇಷ್ಟು ಹತ್ತಿದೆಯಲ್ಲ ಎಂದುಕೊಂಡರು ಪಾಪ. ಮರುದಿನವೇ ವೈರಿನವನಿಗೆ ಒಪ್ಪಿಗೆ ಕೊಟ್ಟರು. ಗಾಜು ಉಜ್ಜುವ ಹಳೆಯ ಮಿಷನ್ನು ಕೀರಲು ದನಿಯಲ್ಲಿ ಕೂಗುತ್ತಲೇ ಇನ್ನಷ್ಟು ದಿನ ನಡೆಯಬೇಕಾಯಿತು.

ವೈರಿನವನು ಕೆಲಸ ಶುರುಮಾಡುವ ಮುಂಚೆ ಒಂದು ಮಾತು ಕೇಳಿದ. "ಸಾರ್, ಮೇಲೆ ಹೋದಾಗ ಇದು ನೆಟ್ಟಗೆ ಹೋಗುತ್ತಾ? ಎಲ್ಲೂ ವಾಲಲ್ಲ ತಾನೆ?"

"ದಾರ ಕಟ್ಟಿ ಎಳೆದ ಹಾಗೆ ಹೋಗುತ್ತಪ್ಪ. ಚಿನ್ನದಂಥ ವಿಮಾನ."

ಬಿಚ್ಚಿದಾಗ ಅವನು ಹೇಳಿದಂತೆಯೇ ಆಯಿತು. ಹಳೆಯ ವೈರಿನ ಸಿಪ್ಪೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಅದಕ್ಕೊಂದು ಹೊಸ ಖರ್ಚು. ವಿಮಾನದ ಮುಖವೆಲ್ಲ ಬಿಚ್ಚಿತ್ತು, ಗಡಿಯಾರಗಳೆಲ್ಲ ಬಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ವಾರಗಟ್ಟಲೆ ಹಾರಾಟವಿಲ್ಲ. ಕನ್ನಡಕದವರು ಗುರುವಾರ ಬಂದರೆ ಮನೆಯಲ್ಲಿ ಕೂತು ನಮಗೆ ಬುದ್ಧಿ ಹೇಳುತ್ತಿದ್ದರು. ಈರುಳ್ಳಿ ಹೆಚ್ಚುವುದು ಹೇಗೆ ಎಂದು ನನಗೆ ಆ ವಯಸ್ಸಿನಲ್ಲಿ ಹೇಳಿಕೊಟ್ಟರು. ತಂಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ಸ್ಟೀರಿಂಗು ಬಿಟ್ಟ ಆ ದಿನಗಳಲ್ಲಿ ಅವಳ ಕೈ ಒಂದು ಚೂರು ಸಡಿಲವಾಗಿತ್ತು. ಡಿಪೋ ಗೋಡೆಗೆ ಸುಣ್ಣ ಹೊಡೆಸಿ, ಕೆಳಗಿನ ಸಾಲು ಶುರುಮಾಡಿದ್ದಳು.

ಕೆಲಸ ಮುಗಿದು, ಸಾಹೇಬರ ಸಹಿಯೂ ಆದ ದಿನ ನಾವೆಲ್ಲ ಮೈದಾನಕ್ಕೆ ಹೋದೆವು. ಕನ್ನಡಕದವರು ತಮ್ಮ ಸೀಟಿನಲ್ಲಿ, ವೈರಿನವನು ತಂಗಿಯ ಸೀಟಿನಲ್ಲಿ ಕೂತು ಮೇಲೆ ಹೋದರು. ನಾನೂ ತಂಗಿಯೂ ಶೆಡ್ಡಿನ ನೆರಳಲ್ಲಿ ಕೂತೆವು. ಅವಳ ಮುಖದಲ್ಲಿ ಪರೀಕ್ಷೆ ಬರೆದ ಮಗುವಿನ ಕಳೆ.

ಅವರು ಬೇಗನೆ ಬಂದುಬಿಟ್ಟರು. ಇಳಿದವರೇ ಕನ್ನಡಕದವರು ವೈರಿನವನ ಮೇಲೆ ಜೋರು ಮಾಡತೊಡಗಿದರು.

"ಕೆಟ್ಟುಹೋದ ಪೆಟ್ಟಿಗೆ ತಂದು ಹಾಕಿದ್ದೀಯ! ಹಾಕಿದ್ರೆ ಕಿರುಚ್ಕೊಂಡು ಬಿಟ್ಟುಬಿಡುತ್ತೆ. ಮತ್ತೆ ಹಾಕು, ಮತ್ತೆ ಬಿಡುತ್ತೆ. ಇದಕ್ಕಾ ಅಷ್ಟು ಸುರಿದದ್ದು?"

"ಪೆಟ್ಟಿಗೆ ಸರಿಯಾಗಿದೆ ಸಾರ್" ಎಂದ ವೈರಿನವನು. ಅವನ ನಗು ಹೋಗಿತ್ತು. "ಅದರ ಪುಟ್ಟ ಮೋಟಾರಿಗೆ ಅಷ್ಟು ಎಳೆಯೋ ಶಕ್ತಿ ಇಲ್ಲ, ಅದಕ್ಕೇ ಬಿಡ್ತಾ ಇದೆ. ನಿಮ್ಮ ವಿಮಾನನೇ ಎಡಕ್ಕೆ ವಾಲುತ್ತೆ. ನೀವೇ ಕೈ ಬಿಟ್ಟು ನೋಡಿದ್ರಲ್ಲ? ಎಡರೆಕ್ಕೆ ಹೇಗೆ ಕೆಳಗೆ ಬಿತ್ತು?"

"ಇವತ್ತು ಬಿತ್ತು. ನೀನು ಬಿಚ್ಚಿ ಏನೋ ಮಾಡಿದ್ದೀಯ. ಇಷ್ಟು ವರ್ಷ ಒಂದು ದಿನ ವಾಲಿಲ್ಲ."

"ಏರಿಸುವಾಗಲೂ ಎಳೀತಿರಲಿಲ್ವಾ?"

"ಏರಿಸುವಾಗ ಎಂಜಿನ್ ಎಳೆಯುತ್ತಪ್ಪ, ಎಲ್ಲಾ ವಿಮಾನದಲ್ಲೂ."

"ಇಳಿಸುವಾಗ?"

"ಗಾಳಿ ಇರುತ್ತೆ."

"ನಡುವೆ?"

"ನಡುವೆ..." ಎಂದು ಅವರು ನಿಂತರು.

ತಂಗಿ ನೆರಳಿನಿಂದ ಎದ್ದು ಬಂದಿದ್ದಳು. "ನಡುವೆ ನಾನು ಹಿಡ್ಕೊಂಡಿರ್ತೀನಲ್ಲ" ಎಂದಳು.

"ಹಿಡ್ಕೊಳ್ಳೋದು ಅಂದ್ರೆ ಹೇಗಮ್ಮ? ಸುಮ್ನೆ ಕೈ ಇಟ್ಕೊಂಡಾ?"

"ಬಲಕ್ಕೆ ತಿರುಗಿಸಿ ಹಿಡೀಬೇಕಲ್ಲ, ಹಾಗೆ. ತುಂಬಿದ ಬಕೆಟ್ಟು ಹಿಡ್ಕೊಂಡ ಹಾಗೆ ಇರುತ್ತೆ. ಎಲ್ಲಾ ವಿಮಾನದಲ್ಲೂ ಹಾಗೇ ತಾನೆ?"

ವೈರಿನವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಇಲ್ಲಮ್ಮ" ಎಂದ ಮೆಲ್ಲಗೆ. "ಎರಡು ಬೆರಳಲ್ಲಿ ಹಿಡ್ಕೊಂಡು ಹೋಗಬೇಕು ಅದು."

ಅವಳು ಬೇರೆ ಯಾವ ವಿಮಾನವನ್ನು ಹಿಡಿದಿದ್ದಳು, ಗೊತ್ತಾಗಲು? ಭಾರವೇ ಅದರ ಗುಣ ಎಂದುಕೊಂಡಿದ್ದಳು. ಅವರನ್ನು ಕೇಳಿದರೆ ಚಿನ್ನದಂಥ ವಿಮಾನ. ಇಬ್ಬರೂ ಒಂದೇ ಒಂದು ದಿನ ಜಾಗ ಬದಲಾಯಿಸಿ ಕೂತಿದ್ದರೆ ತಿಳಿದುಬಿಡುತ್ತಿತ್ತು. ಕೂರಲಿಲ್ಲ, ಯಾಕೆಂದರೆ ಅಷ್ಟು ಚೆನ್ನಾಗಿ ನಡೆಯುತ್ತಿತ್ತು.

"ಕೈ ತೋರಿಸು" ಎಂದರು ಕನ್ನಡಕದವರು.

"ಯಾಕೆ ರೀ, ಏನೂ ಆಗಿಲ್ಲ."

"ಎತ್ತು."

ಅವಳು ಎತ್ತಿದಳು. ಭುಜ ದಾಟಿ ಸ್ವಲ್ಪ ದೂರ ಹೋಯಿತು, ನಿಂತಿತು. ಅವರು ನನ್ನ ಕಡೆ ತಿರುಗಿದರು. "ಅತ್ತಿಗೆ, ಎಷ್ಟು ದಿನದಿಂದ ನೀವು ಇವಳ ತಲೆ ಬಾಚ್ತಾ ಇದ್ದೀರಿ?" ನಾನು ಬಾಯಿ ತೆರೆಯುವಷ್ಟರಲ್ಲೇ, "ಬೇಡ, ಹೇಳಬೇಡಿ" ಎಂದರು. ದಿನಾ ಬೆಳಿಗ್ಗೆ ನಮ್ಮನ್ನು ದಾಟಿಕೊಂಡೇ ಅವರು ಅಂಗಡಿಗೆ ಹೋಗುತ್ತಿದ್ದದ್ದು.

ವೈರಿನವನು ರೆಕ್ಕೆಯ ಹಿಂಬದಿಯಲ್ಲಿ ಅಲುಗಾಡುವ ಪಟ್ಟಿಯನ್ನು ಹಿಡಿದು, ಬಾಗಿ ನೋಡುತ್ತಿದ್ದ. "ಇಲ್ಲೇ ಇದೆ ಸಾರ್. ಪಟ್ಟೀನ ತಳ್ಳೋ ಈ ಕಡ್ಡಿಯ ಅಳತೆ ತಪ್ಪಿದೆ. ನಿಮಗೆ ಮಾರೋ ಮುಂಚೆ ಬಣ್ಣ ಹೊಡೆಯೋಕೆ ಬಿಚ್ಚಿ, ಹಾಕುವಾಗ ಎಡವಟ್ಟು ಮಾಡಿದಾರೆ. ಮೆಕ್ಯಾನಿಕ್ಕನ್ನ ಕರೀತೀನಿ. ಸ್ಪ್ಯಾನರ್ ಹಿಡಿದು ನಾಲ್ಕು ಸುತ್ತು ತಿರುಗಿಸಿದ್ರೆ ಮುಗೀತು. ಒಂದು ಟೀ ಖರ್ಚು."

"ಈಗ ಬೇಡ" ಎಂದರು ಕನ್ನಡಕದವರು. "ಬಾ, ಹತ್ತು. ಕೆರೆ ದಾಟಿ ಬರೋಣ."

"ಹೀಗೇನಾ? ಸರಿ ಮಾಡಿಸಿದ ಮೇಲೆ ಹೋಗಬಹುದಲ್ಲ ಸಾರ್."

"ಹೀಗೇ. ಪೆಟ್ಟಿಗೆ ಹಾಕಬೇಡ. ನೀನು ಮುಟ್ಟಲೂಬೇಡ."

ತಂಗಿ ಅವರ ತೋಳು ಹಿಡಿದಳು. "ಬೇಡ ರೀ, ಹುಡುಗಾಟ ಆಡಬೇಡಿ." ಅವರು ಅವಳ ಕೈಯನ್ನು ಜೋಪಾನವಾಗಿ, ಗಾಜಿನ ಸಾಮಾನು ಎತ್ತಿಡುವ ಹಾಗೆ ಬಿಡಿಸಿ, ಹತ್ತಿಬಿಟ್ಟರು.

ಹೋದರು. ಆಚೆ ದಡದಲ್ಲಿ ಇಳಿದರಂತೆ, ಟೀ ಕುಡಿಯಲಿಲ್ಲವಂತೆ. ಮಾತೂ ಇಲ್ಲ, ದುರ್ಬೀನೂ ಇಲ್ಲ, ಹೋಗುತ್ತಾ ಬರುತ್ತಾ ಬಲಗೈಯೊಂದರಲ್ಲೇ ಹಿಡಿದಿದ್ದರು ಎಂದು ವೈರಿನವನು ಆಮೇಲೆ ನನಗೆ ಹೇಳಿದ. ವಾಪಸು ಬಂದು ಇಳಿದಾಗ ಅವರಿಗೆ ಆ ಕೈಯಿಂದ ಬಾಗಿಲಿನ ಚಿಲಕ ಹಾಕಲು ಆಗಲಿಲ್ಲ. ತಂಗಿ ಹೋಗಿ ಎಡಗೈಯಿಂದ ಚಿಲಕ ಹಾಕಿದಳು.

"ಮಾರಿಬಿಡ್ತೀನಿ ಕಣೇ" ಎಂದರು.

"ನಿಮಗೇನು ತಲೆ ಕೆಟ್ಟಿದೆಯಾ? ನನ್ನ ಮುಂಗಡ ಸುರಿದಿದ್ದೀನಿ ಅದಕ್ಕೆ!"

"ಹಾಗಾದ್ರೆ ಸರಿ ಮಾಡಿಸ್ತೀನಿ. ಆಮೇಲೆ ನೀನು ಸುಮ್ಮನೆ ಪಕ್ಕದಲ್ಲಿ ಕೂತಿರು. ಏನೂ ಮುಟ್ಟಬೇಡ."

ಅವಳು ತನ್ನ ಸೀಟಿನ ಕಡೆ ನೋಡಿದಳು. "ನಾನು ಬರಲ್ಲ ರೀ. ನಂಗೆ ಗೋಡೆ ಇದೆ. ನಿಮ್ಮ ಮೇಲಿನ ಸಿಟ್ಟಲ್ಲ ಇದು. ಗುರುವಾರ ನಂಗೂ ಬೇಕು."

ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಅವರಿಗೆ ಅದು ಸುಲಭವಾಗಿರಲಿಲ್ಲ, ನನಗೆ ಕಾಣುತ್ತಿತ್ತು.

ಮೆಕ್ಯಾನಿಕ್ಕು ಸ್ಪ್ಯಾನರ್ ತಂದು ತಿರುಗಿಸಿದ. ಆಟೋಪೈಲಟ್ಟು ಕಿರುಚುವುದನ್ನು ಬಿಟ್ಟಿತು. ಇನ್ನು ಅದಿಲ್ಲದೆಯೂ ನಡೆಯುತ್ತದೆ ಸಾರ್ ಎಂದು ವೈರಿನವನು ಹೇಳಿದ್ದಕ್ಕೆ, ಇರಲಿ ಬಿಡು, ಮನೆಯಲ್ಲಿ ಹೆಂಡತಿ ನೆಮ್ಮದಿಯಾಗಿರಲಿ ಎಂದರು ಕನ್ನಡಕದವರು. ತಂಗಿಯ ಕೈ ಮಾತ್ರ ಪೂರ್ತಿ ಬರಲಿಲ್ಲ. ಮೂಳೆ ಡಾಕ್ಟರು ಇನ್ನು ಇಷ್ಟೇ ಎಂದರು, ತಲೆ ಮಟ್ಟದವರೆಗೆ. "ಕೈ ಏರದಿದ್ರೆ ನಾನೇ ಏರ್ತೀನಿ" ಎಂದು ಅವಳು ಏಣಿಯಲ್ಲಿ ಇನ್ನೆರಡು ಮೆಟ್ಟಿಲು ಮೇಲೆ ನಿಂತು ಮೇಲಿನ ಸಾಲು ಬರೆದಳು. ಅಲ್ಲಲ್ಲಿ ಅಕ್ಷರ ತುಸು ಓರೆಯಾಗಿವೆ. ಬಸ್ಸಿಗೆ ಕಾಯುವವರು ಯಾರೂ ಗಮನಿಸಿಲ್ಲ. ಅವಳು ಆ ದಾರಿಯಲ್ಲಿ ಹೋದಾಗಲೆಲ್ಲ ಆ ಕಡೆ ನೋಡದೆ ಹೋಗುತ್ತಾಳೆ.

ಗೋಡೆ ಇನ್ನೂ ಮುಗಿದಿರಲಿಲ್ಲ, ಮೊದಲ ಮಳೆಗೆ ಇನ್ನೂ ಸ್ವಲ್ಪ ದಿನವಿತ್ತು. ತಂಗಿ ಬುತ್ತಿ ಕಟ್ಟಿಸಿಕೊಂಡು ಡಿಪೋಗೆ ಹೋದ ಮೇಲೆ, ಕನ್ನಡಕದವರು ನಕ್ಷೆ, ದುರ್ಬೀನು ತೆಗೆದುಕೊಂಡು ಹೊರಗೆ ಬಂದರು. ಜಗಲಿಯಲ್ಲಿ ನಿಂತು ಯಾರಿಗೋ ಕಾಯುವವರ ಹಾಗೆ ಒಳಗೆ ನೋಡಿದರು.

"ಹೋಗಿ ಬರ್ತೀನಿ ಅತ್ತಿಗೆ" ಎಂದರು.

"ಹುಷಾರು" ಅಂದೆ.

ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ಒಬ್ಬರೇ ಹೋದರು. ಅವತ್ತು ಗುರುವಾರ.